ಮೊದಲ ಕ್ರೋಷಾ ಹೂವು: ದಾರ, ಕಡ್ಡಿ, ವಿನ್ಯಾಸಗಳ ಆಯ್ಕೆ ಹೇಗೆ?

ಕೊಕ್ಕೆ ಕಡ್ಡಿಯಿಂದ ದಾರ ಹೆಣೆಯುವ ಕ್ರೋಷಾ ಕಲಿಯಲು ಹೊರಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಯಾವ ಹೂವು ಸುಲಭ ಎಂಬುದು. ಆದರೆ ಹೆಣೆದ ಹೂವು ಕೊನೆಗೆ ಎಲ್ಲಿ ಕೂರಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳದಿದ್ದರೆ ಆ ಪ್ರಶ್ನೆಗೆ ಸಿಗುವ ಉತ್ತರ ಪ್ರಯೋಜನಕ್ಕೆ ಬರುವುದಿಲ್ಲ. ಸೀರೆಯ ಸೆರಗಿಗೆ ಒಪ್ಪುವ ಹೂವು ಬಾಗಿಲ ತೋರಣಕ್ಕೆ ಒಪ್ಪುವುದಿಲ್ಲ. ಮಗುವಿನ ತಲೆಯ ಕ್ಲಿಪ್ಪಿನ ಮೇಲೆ ಚೆಂದ ಕಾಣುವ ದಪ್ಪ ಗುಲಾಬಿಯನ್ನು ದಿಂಬಿನ ಕವರಿಗೆ ಹೊಲಿದರೆ ಮಲಗಿದವರ ಕೆನ್ನೆಗೆ ಒತ್ತುತ್ತದೆ. ಹೂವಿನ ಬಗೆಯಷ್ಟೇ ಅಲ್ಲ, ದಾರ, ಕಡ್ಡಿ, ನಡುವಿನ ಉಂಗುರವನ್ನು ಶುರುಮಾಡುವ ವಿಧಾನ, ಕಲಿಯುವ ಮೂಲ, ಹೀಗೆ ಪ್ರತಿ ಹಂತದಲ್ಲೂ ಎರಡು ಮೂರು ದಾರಿಗಳಿವೆ. ಇವುಗಳಲ್ಲಿ ಕೆಲವು ಆಯ್ಕೆಗಳು ಕೆಲಸದ ಫಲವನ್ನೇ ಬದಲಿಸಿಬಿಡುತ್ತವೆ, ಇನ್ನು ಕೆಲವು ಅಷ್ಟೇನೂ ಮುಖ್ಯವಲ್ಲ. ಹೊಸಬರು ಮುಖ್ಯವಲ್ಲದ್ದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡು ಮುಖ್ಯವಾದುದನ್ನು ಅಂಗಡಿಯವರ ಕೈಗೆ ಬಿಟ್ಟುಬಿಡುವುದನ್ನು ನೋಡಿದ್ದರಿಂದಲೇ ಇಷ್ಟು ವಿವರವಾಗಿ ಬರೆಯುವ ಅಗತ್ಯ ಕಂಡಿತು.

ನಮ್ಮ ಚಿಕ್ಕಬಳ್ಳಾಪುರದಲ್ಲಿ ಕ್ರೋಷಾ ಎಂದೊಡನೆ ಬಹುತೇಕರಿಗೆ ನೆನಪಾಗುವುದು ಸೀರೆ ಕುಚ್ಚು. ಬಜಾರ್ ರಸ್ತೆಯ ಕಡೆಯ ಫ್ಯಾನ್ಸಿ ಸ್ಟೋರಿಗೋ ಟೈಲರಿಂಗ್ ಸಾಮಾನಿನ ಅಂಗಡಿಗೋ ಹೋಗಿ ಕ್ರೋಷಾ ಕಡ್ಡಿ ಕೇಳಿದರೆ, ‘ಕುಚ್ಚಿಗೇನಕ್ಕಾ, ಉಲ್ಲನ್‌ಗಾ?’ ಎಂದು ತಿರುಗಿ ಕೇಳುತ್ತಾರೆ. ಕುಚ್ಚಿಗೆ ಎಂದರೆ ಸೂಜಿಯಷ್ಟು ಸಣ್ಣ ಸ್ಟೀಲ್ ಕಡ್ಡಿ ಮತ್ತು ಮಿನುಗುವ ಸಿಲ್ಕ್ ಥ್ರೆಡ್ಡಿನ ರೀಲು ಕೈಗೆ ಬರುತ್ತದೆ. ಕುಚ್ಚು ಹಾಕಿ ನಾಲ್ಕು ಕಾಸು ಸಂಪಾದಿಸಬೇಕೆಂಬ ಉದ್ದೇಶದಿಂದಲೇ ಬಹಳ ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರುವುದರಿಂದ, ಅವರ ಮೊದಲ ಹೂವು ಆ ಸಣ್ಣ ಕಡ್ಡಿ ಮತ್ತು ಜಾರುವ ದಾರದಲ್ಲೇ ಶುರುವಾಗುತ್ತದೆ. ನನ್ನ ಖಚಿತ ಅಭಿಪ್ರಾಯದಲ್ಲಿ ಅದು ತಪ್ಪು ಆರಂಭ. ಗುರಿ ಕುಚ್ಚೇ ಆಗಿದ್ದರೂ ಮೊದಲ ಕೆಲವು ಹೂವುಗಳನ್ನು ದಪ್ಪ ದಾರದಲ್ಲಿ, ದಪ್ಪ ಕಡ್ಡಿಯಲ್ಲಿ, ಚಪ್ಪಟೆಯ ಐದೆಸಳಿನ ವಿನ್ಯಾಸದಲ್ಲಿ ಹೆಣೆದವರು ಬೇಗ ಮುಂದೆ ಹೋಗುತ್ತಾರೆ. ಅದಕ್ಕೆ ಕಾರಣಗಳು ದಾರದ ಗುಣದಲ್ಲೇ ಇವೆ.

ದಾರ: ಎಲ್ಲಕ್ಕಿಂತ ದೊಡ್ಡ ಆಯ್ಕೆ

ಹೊಸಬರ ಮುಂದೆ ಮುಖ್ಯವಾಗಿ ಮೂರು ಬಗೆಯ ದಾರಗಳಿರುತ್ತವೆ: ಹತ್ತಿಯ ದಾರ, ಅಂಗಡಿಗಳಲ್ಲಿ ಉಲ್ಲನ್ ಎಂದೇ ಕರೆಯುವ ಅಕ್ರಿಲಿಕ್ ನೂಲು, ಮತ್ತು ಕುಚ್ಚು, ಬಳೆಗಳಿಗೆ ಬಳಸುವ ಸಿಲ್ಕ್ ಥ್ರೆಡ್.

ಹತ್ತಿಯ ದಾರಕ್ಕೆ ಹಿಗ್ಗುವ ಗುಣ ಕಡಿಮೆ. ಆದ್ದರಿಂದ ಎಳೆದ ಕುಣಿಕೆ ಎಳೆದಲ್ಲೇ ನಿಲ್ಲುತ್ತದೆ, ಹೊಲಿಗೆ ಸ್ಪಷ್ಟವಾಗಿ ಕಾಣುತ್ತದೆ, ಒಗೆದರೂ ಎಸಳಿನ ಆಕಾರವನ್ನು ಮತ್ತೆ ಕೂರಿಸಬಹುದು. ಅದರ ತೊಂದರೆಯೂ ಇದೇ ಗುಣದಿಂದ ಹುಟ್ಟುತ್ತದೆ. ಕೈ ಬಿಗಿಯಾಗಿರುವವರಿಗೆ ಹತ್ತಿಯ ದಾರ ಸ್ವಲ್ಪವೂ ಸಡಿಲ ಕೊಡದೆ ಕುಣಿಕೆಯೊಳಗೆ ಕಡ್ಡಿ ತೂರುವುದೇ ಕಷ್ಟವಾಗುತ್ತದೆ. ಆಂಕರ್‌ನಂಥ ಬ್ರ್ಯಾಂಡುಗಳ ಕ್ರೋಷಾ ಕಾಟನ್ ಉಂಡೆಗಳ ಮೇಲೆ 10, 20, 40 ಎಂಬ ಸಂಖ್ಯೆಗಳಿರುತ್ತವೆ, ಮತ್ತು ಸಂಖ್ಯೆ ಹೆಚ್ಚಿದಷ್ಟೂ ದಾರ ತೆಳುವಾಗುತ್ತದೆ ಎಂಬುದನ್ನು ನೆನಪಿಡಬೇಕು. ದೊಡ್ಡ ಸಂಖ್ಯೆ ದಪ್ಪ ದಾರವೆಂದು ಭಾವಿಸಿ 40ರ ಉಂಡೆ ಕೊಂಡವರಿಗೆ ಮೊದಲ ದಿನವೇ ಕಣ್ಣು ನೋಯುತ್ತದೆ. ಕಲಿಯುವುದಕ್ಕೆ ಈ ಲೇಸ್ ದಾರಗಳಿಗಿಂತ ದಪ್ಪವಾದ, ಮೂರೂವರೆ ನಾಲ್ಕು ಮಿಲಿಮೀಟರ್ ಕಡ್ಡಿಗೆ ಹೊಂದುವ ಹತ್ತಿಯ ನೂಲೇ ಸರಿ. ಆನ್‌ಲೈನ್‌ನಲ್ಲಿ ಮಿಲ್ಕ್ ಕಾಟನ್ ಎಂಬ ಹೆಸರಿನಲ್ಲಿ ಮಾರುವ ಮೃದುವಾದ ದಾರ ಸಾಮಾನ್ಯವಾಗಿ ಹತ್ತಿಯೊಂದಿಗೆ ಬೇರೆ ನಾರು ಬೆರೆಸಿದ್ದು. ಹೆಣೆಯಲು ಹಿತವಾಗಿದ್ದರೂ ಅದರ ಎಳೆಗಳು ಬೇಗ ಬಿಡಿಸಿಕೊಳ್ಳುವುದರಿಂದ ಕಡ್ಡಿಯ ತುದಿ ದಾರದ ನಡುವೆಯೇ ಚುಚ್ಚಿಕೊಳ್ಳುತ್ತದೆ.

ಅಕ್ರಿಲಿಕ್ ನೂಲು ಕಡಿಮೆ ಬೆಲೆಗೆ ಸಿಗುತ್ತದೆ, ಬಣ್ಣಗಳ ಆಯ್ಕೆ ಹೆಚ್ಚು, ಮತ್ತು ಅದು ಸ್ವಲ್ಪ ಹಿಗ್ಗುವುದರಿಂದ ಹೊಸಬರ ಏರುಪೇರಾದ ಹೊಲಿಗೆಗಳನ್ನು ಒಂದಿಷ್ಟು ಸಮ ಮಾಡುತ್ತದೆ. ವರ್ಧಮಾನ್‌ನಂಥ ಪರಿಚಿತ ಬ್ರ್ಯಾಂಡಿನ ಒಂದು ಉಂಡೆಯಿದ್ದರೆ ಹತ್ತಾರು ಹೂವುಗಳಿಗೆ ಸಾಕು. ಆದರೆ ಅಕ್ರಿಲಿಕ್ ಹೂವು ಗಂಜಿಯನ್ನು ಹತ್ತಿಯಂತೆ ಕುಡಿಯುವುದಿಲ್ಲ, ಬಿಸಿ ಇಸ್ತ್ರಿ ಪೆಟ್ಟಿಗೆ ನೇರವಾಗಿ ತಾಗಿದರೆ ಮೈ ಕರಗಿ ಚಪ್ಪಟೆಯಾಗುತ್ತದೆ, ಹೀಗೆ ಒಮ್ಮೆ ಹಾಳಾದ ಮೇಲೆ ಸರಿಪಡಿಸಲು ಬರುವುದಿಲ್ಲ. ಚಳಿಗಾಲದ ಟೋಪಿ, ಶಾಲು, ಮಕ್ಕಳ ಕ್ಲಿಪ್ಪು, ಕೀಗೊಂಚಲುಗಳಿಗೆ ಈ ನೂಲು ಧಾರಾಳವಾಗಿ ಸಾಕಾಗುತ್ತದೆ. ಎಸಳು ಗರಿಗರಿಯಾಗಿ ನಿಲ್ಲಬೇಕಾದ ಕಡೆ ಇದು ಬೇಡ.

ಸಿಲ್ಕ್ ಥ್ರೆಡ್ ಎಂದು ರೀಲಿನಲ್ಲಿ ಸಿಗುವ ದಾರ ಬಹುಪಾಲು ಅಸಲಿ ರೇಷ್ಮೆಯಲ್ಲ, ರೇಷ್ಮೆಯ ಹೊಳಪಿರುವ ಕೃತಕ ನಾರು. ಅದರ ನುಣುಪೇ ಅದರ ಅಂದ, ಕಲಿಯುವವರಿಗೆ ಅದರ ನುಣುಪೇ ಶತ್ರು. ಹಲವು ಎಳೆಗಳನ್ನು ಒಟ್ಟಿಗೆ ಸೇರಿಸಿ ಹೆಣೆಯಬೇಕಾಗುವುದರಿಂದ ಕಡ್ಡಿಯ ಕೊಕ್ಕೆಯಲ್ಲಿ ಒಂದೆರಡು ಎಳೆ ಸಿಕ್ಕದೆ ಉಳಿದು ಸಣ್ಣ ಕಿವಿಯಂತೆ ಹೊರಗೆ ಚಾಚುತ್ತವೆ. ಬಿಚ್ಚಿ ಮತ್ತೆ ಹೆಣೆಯಲು ಹೋದರೆ ಎಳೆಗಳು ಬೇರೆಬೇರೆಯಾಗಿ ಗೋಜಲಾಗುತ್ತವೆ. ಕಲಿಕೆಯಲ್ಲಿ ಬಿಚ್ಚುವುದೇ ಅರ್ಧ ಕೆಲಸ. ಬಿಚ್ಚಲು ಅವಕಾಶ ಕೊಡದ ದಾರದಲ್ಲಿ ಕಲಿಯುವುದು ಎಷ್ಟು ಕಷ್ಟವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಇಷ್ಟು ಹತ್ತಿರವಿರುವಾಗ ಅಲ್ಲಿನ ನೂಲನ್ನೇ ತಂದು ಹೂವು ಹೆಣೆಯಬಾರದೇಕೆ ಎಂದು ಕೇಳುವವರಿದ್ದಾರೆ. ರೀಲರುಗಳು ಗೂಡಿನಿಂದ ಬಿಚ್ಚುವ ಕಚ್ಚಾ ರೇಷ್ಮೆ ನೇಯ್ಗೆಗೆಂದು ತಯಾರಾಗುವಂಥದ್ದು. ಅದರ ಮೈಮೇಲೆ ಸೆರಿಸಿನ್ ಎಂಬ ಅಂಟು ಇನ್ನೂ ಉಳಿದಿರುವುದರಿಂದ ಕೈಗೆ ಒರಟಾಗಿ, ತಂತಿಯಂತೆ ಸೆಟೆದುಕೊಂಡಿರುತ್ತದೆ, ಮತ್ತು 20/22 ಡೆನಿಯರ್‌ನಷ್ಟು (ಡೆನಿಯರ್ ಎಂದರೆ ಎಳೆಯ ತೆಳುತನದ ಅಳತೆ) ತೆಳುವಾದ ಎಳೆ ಒಂಟಿಯಾಗಿ ಕಡ್ಡಿಗೆ ಸಿಗುವಂಥದ್ದೇ ಅಲ್ಲ. ಅದನ್ನು ಹುರಿಗೊಳಿಸಿ, ಅಂಟು ತೆಗೆದು, ಬಣ್ಣ ಹಾಕಿದ ಮೇಲೆ ಮಾತ್ರ ಕ್ರೋಷಾಕ್ಕೆ ಒದಗುತ್ತದೆ. ನಮ್ಮ ಜಿಲ್ಲೆಯ ರೇಷ್ಮೆಯಲ್ಲಿ ನಮ್ಮ ಜಿಲ್ಲೆಯ ಹೂವುಗಳು ಅರಳಬೇಕೆಂಬ ಆಸೆ ನನಗೂ ಇದೆ. ಆದರೆ ಅದು ಕೈ ಪಳಗಿದವರ ಕೆಲಸ.

ಬಣ್ಣದ ವಿಷಯದಲ್ಲಿ ಹೊಸಬರು ಕಪ್ಪು, ಕಡುನೀಲಿ, ಮರೂನ್‌ಗಳನ್ನು ದೂರವಿಡಬೇಕು. ಪ್ರತಿ ಹೊಲಿಗೆಯ ತಲೆಯ ಮೇಲೆ ‘ವಿ’ ಆಕಾರದಲ್ಲಿ ಮಲಗಿರುವ ಎರಡು ಎಳೆಗಳನ್ನು ಗುರುತಿಸುವುದೇ ಕ್ರೋಷಾದ ಅಕ್ಷರಾಭ್ಯಾಸ, ಮತ್ತು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕಡುಬಣ್ಣದ ದಾರದ ಮೇಲೆ ಅವು ಕಾಣುವುದೇ ಇಲ್ಲ. ತಿಳಿ ಹಳದಿ, ತಿಳಿ ಗುಲಾಬಿ, ಕನಕಾಂಬರದ ಬಣ್ಣಗಳು ಒಳ್ಳೆಯವು. ಬಿಳಿಯೂ ಕಾಣುತ್ತದೆ, ಆದರೆ ನಾಲ್ಕು ಸಲ ಬಿಚ್ಚಿ ಹೆಣೆಯುವಷ್ಟರಲ್ಲಿ ಕೊಳೆಯಾಗುತ್ತದೆ. ಕೆಂಪು ಹತ್ತಿಯ ದಾರ ಕೊಳ್ಳುವವರು ಒಂದು ತುಂಡನ್ನು ನೆನೆಸಿ ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಬೇಕು. ಬಣ್ಣ ಬಿಟ್ಟರೆ ಆ ದಾರ ಬಿಳಿ ಅಥವಾ ತಿಳಿ ಬಣ್ಣದ ಬಟ್ಟೆಗೆ ಹೊಲಿಯುವ ಹೂವಿಗೆ ಬರುವುದಿಲ್ಲ.

ಕಡ್ಡಿ

ಕಡ್ಡಿಯ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಸ್ಟೀಲ್ ಕಡ್ಡಿಗಳು ಹೆಚ್ಚಾಗಿ ಎರಡು ಮಿಲಿಮೀಟರಿಗಿಂತ ಸಣ್ಣವು, ತೆಳು ದಾರಕ್ಕೆ ಮಾತ್ರ. ಅಲ್ಯೂಮಿನಿಯಂ ಕಡ್ಡಿಗಳು ದಪ್ಪ ದಾರಕ್ಕೆ. ಪ್ಲಾಸ್ಟಿಕ್ ಕಡ್ಡಿಯಲ್ಲಿ ಅಚ್ಚಿನ ಗೆರೆ ಉಳಿದಿದ್ದರೆ ದಾರ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಕೊಳ್ಳುವಾಗ ಕೊಕ್ಕೆಯ ಒಳಬದಿಯನ್ನು ಬೆರಳಿನಿಂದ ಸವರಿ ನೋಡಬೇಕು. ರಬ್ಬರ್ ಹಿಡಿಯ ಕಡ್ಡಿ ಹೆಚ್ಚು ಹೊತ್ತು ಹೆಣೆಯುವವರ ಬೆರಳಿಗೆ ಆರಾಮ ಕೊಡುತ್ತದೆ, ಮೊದಲ ಹೂವಿಗೆ ಅದರ ಅಗತ್ಯವಿಲ್ಲ. ಅಂಕಿ, ಅಕ್ಷರಗಳ ಗುರುತು ನಂಬಿಕೊಂಡು ಕೊಳ್ಳಬಾರದು: ಅಮೆರಿಕದ ಪದ್ಧತಿಯ ಸ್ಟೀಲ್ ಕಡ್ಡಿಗಳಲ್ಲಿ ಅಂಕಿ ಹೆಚ್ಚಿದಷ್ಟೂ ಕಡ್ಡಿ ಸಣ್ಣದಾಗುತ್ತದೆ, ಅದೇ ಪದ್ಧತಿಯ ಅಲ್ಯೂಮಿನಿಯಂ ಕಡ್ಡಿಗಳಲ್ಲಿ ಅಂಕಿ ಹೆಚ್ಚಿದಷ್ಟೂ ದಪ್ಪವಾಗುತ್ತದೆ. ಮಿಲಿಮೀಟರ್ ಅಳತೆಯೊಂದನ್ನೇ ಕೇಳಿ ಕೊಳ್ಳಬೇಕು. ಒಂದೇ ಕಡ್ಡಿ ಕೊಳ್ಳುವುದಾದರೆ ಮೂರೂವರೆ ಮಿಲಿಮೀಟರಿನದು, ಕೈ ಬಿಗಿಯಾಗಿರುವವರಿಗೆ ನಾಲ್ಕರದು. ಹನ್ನೆರಡು ಹದಿನಾಲ್ಕು ಕಡ್ಡಿಗಳ ಸೆಟ್ಟು ನೋಡಲು ಆಕರ್ಷಕ, ಆದರೆ ಅದರ ಬಹುಪಾಲು ಕಡ್ಡಿಗಳು ಡಬ್ಬಿಯಲ್ಲೇ ಉಳಿಯುತ್ತವೆ.

ಹೂವುಗಳ ನಡುವಿನ ಆಯ್ಕೆ

ಮುಂದೆ ಹೇಳುವ ಹೊಲಿಗೆಗಳ ಹೆಸರುಗಳೆಲ್ಲ ಅಮೆರಿಕದ ಪದ್ಧತಿಯವು. ಒಂದರೊಳಗಿಂದ ಇನ್ನೊಂದನ್ನು ಎಳೆದ ಕುಣಿಕೆಗಳ ಸರಣಿ ಚೈನ್, ಎತ್ತರವಿಲ್ಲದೆ ಕೂಡಿಸುವ ಹೊಲಿಗೆ ಸ್ಲಿಪ್ ಸ್ಟಿಚ್, ಗಿಡ್ಡ ಹೊಲಿಗೆ ಸಿಂಗಲ್ ಕ್ರೋಷಾ, ಅದಕ್ಕಿಂತ ಎತ್ತರದ್ದು ಹಾಫ್ ಡಬಲ್, ಇನ್ನೂ ಎತ್ತರದ್ದು ಡಬಲ್. ಬ್ರಿಟಿಷ್ ಪದ್ಧತಿಯಲ್ಲಿ ಇದೇ ಸಿಂಗಲ್ ಕ್ರೋಷಾಕ್ಕೆ ಡಬಲ್ ಎಂದೂ, ಡಬಲ್‌ಗೆ ಟ್ರೆಬಲ್ ಎಂದೂ ಹೇಳುತ್ತಾರೆ. ಒಂದು ವಿಡಿಯೊ ನೋಡಿ ಅರ್ಧ ಹೆಣೆದು ಇನ್ನೊಂದು ಪುಸ್ತಕ ನೋಡಿ ಮುಗಿಸಲು ಹೊರಟವರ ಹೂವು ಮುದುಡಿಕೊಳ್ಳುವುದಕ್ಕೆ ಹಲವು ಸಲ ಇದೇ ಕಾರಣ.

ಚಪ್ಪಟೆಯ ಐದೆಸಳಿನ ಹೂವು ಎಲ್ಲಕ್ಕಿಂತ ಸರಳ. ನಡುವೆ ಒಂದು ಉಂಗುರ ಮಾಡಿಕೊಂಡು (ಅದರ ವಿಧಾನ ಮುಂದಿದೆ), ಅದರೊಳಗೆ ಮೂರು ಚೈನ್, ಎರಡು ಡಬಲ್ ಕ್ರೋಷಾ, ಮತ್ತೆ ಮೂರು ಚೈನ್ ಹಾಕಿ, ಉಂಗುರಕ್ಕೇ ಸ್ಲಿಪ್ ಸ್ಟಿಚ್‌ನಿಂದ ಇಳಿಸಿದರೆ ಒಂದು ಎಸಳು. ಇದನ್ನು ಐದು ಸಲ ಮಾಡಿದರೆ ಹೂವು. ಇಡೀ ಹೂವಿನಲ್ಲಿರುವುದು ಹತ್ತು ಡಬಲ್ ಕ್ರೋಷಾ ಮಾತ್ರ. ತಪ್ಪಾದರೆ ಪೂರ್ತಿ ಬಿಚ್ಚಿದರೂ ಹತ್ತು ನಿಮಿಷದ ನಷ್ಟ. ಎಸಳುಗಳು ಒಂದೇ ಅಳತೆಯಲ್ಲಿ ಬರಲು ಕೈ ಸಮವಾಗಿರಬೇಕಾದ್ದರಿಂದ, ಸಾಲಾಗಿ ಹೆಣೆದಿಟ್ಟ ಹೂವುಗಳಲ್ಲಿ ಕೈಯ ಹದ ಹೇಗೆ ಸುಧಾರಿಸಿತೆಂಬುದು ಕಣ್ಣಿಗೇ ಕಾಣುತ್ತದೆ. ಇದರ ಕೊರತೆಯೆಂದರೆ ನಡುಭಾಗ ತೆಳುವಾಗಿ, ಎಸಳಿನ ಬುಡದಲ್ಲಿ ಸಂದು ಕಾಣುವುದು. ಅದನ್ನು ಸರಿಪಡಿಸಲು ಎರಡು ಸುತ್ತಿನ ರೂಪವಿದೆ: ಮೊದಲು ಉಂಗುರದೊಳಗೆ ಹಳದಿ ದಾರದಲ್ಲಿ ಹತ್ತು ಸಿಂಗಲ್ ಕ್ರೋಷಾ ಹಾಕಿ ಕೂಡಿಸಿ, ಆಮೇಲೆ ಬಣ್ಣ ಬದಲಿಸಿ, ಎರಡೆರಡು ಹೊಲಿಗೆಗೆ ಒಂದರಂತೆ ಐದು ಎಸಳು ಹಾಕಬೇಕು. ಮೊದಲ ಹೊಲಿಗೆಯಲ್ಲಿ ಸ್ಲಿಪ್ ಸ್ಟಿಚ್, ಎರಡು ಚೈನ್, ಎರಡು ಡಬಲ್. ಎರಡನೆಯದರಲ್ಲಿ ಎರಡು ಡಬಲ್, ಎರಡು ಚೈನ್, ಸ್ಲಿಪ್ ಸ್ಟಿಚ್. ಈ ಎರಡು ಸುತ್ತಿನ ಹೂವು ಗಟ್ಟಿ, ಅಂದ, ಬಟ್ಟೆಯ ಮೇಲೆ ಹೊಲಿದರೆ ಅಚ್ಚುಕಟ್ಟಾಗಿ ಕೂರುತ್ತದೆ. ಒಂದೇ ಹೂವು ಕಲಿಯಲು ಸಮಯವಿದೆ ಎನ್ನುವವರಿಗೆ ನಾನು ಸೂಚಿಸುವುದು ಇದನ್ನೇ.

ಸುರುಳಿ ಗುಲಾಬಿ ಇದಕ್ಕೆ ತೀರಾ ಬೇರೆ ಜಾತಿಯದು. ಇದರಲ್ಲಿ ಸುತ್ತು ಎಂಬುದೇ ಇಲ್ಲ. ಸುಮಾರು 45 ಚೈನ್‌ಗಳ ಉದ್ದನೆಯ ಪಟ್ಟಿ ಹಾಕಿ, ಪ್ರತಿ ಮೂರನೆಯ ಚೈನ್‌ಗೆ ಡಬಲ್, ಚೈನ್, ಡಬಲ್ ಎಂಬ ‘ವಿ’ ಹಾಕುತ್ತಾ ಹೋಗಿ, ಹಿಂದಿರುಗುವಾಗ ಪ್ರತಿ ‘ವಿ’ಯೊಳಗೆ ಆರು ಡಬಲ್‌ಗಳ ಎಸಳು ತುಂಬಿ, ಎರಡು ಎಸಳುಗಳ ನಡುವೆ ಒಂದು ಸಿಂಗಲ್ ಹಾಕಿದರೆ ಪಟ್ಟಿ ತಾನಾಗಿಯೇ ಸುರುಳಿಕೊಳ್ಳತೊಡಗುತ್ತದೆ. ಅದನ್ನು ಒಂದು ತುದಿಯಿಂದ ಸುತ್ತಿ ಹಿಂಬದಿಯಲ್ಲಿ ಹೊಲಿದರೆ ಗುಲಾಬಿ. ಒಳಗಿನ ಮೂರು ನಾಲ್ಕು ಎಸಳುಗಳಿಗೆ ಆರರ ಬದಲು ನಾಲ್ಕೇ ಡಬಲ್ ಹಾಕಿದರೆ ಮೊಗ್ಗು ಬಿಗಿಯಾಗಿ ಸಹಜವಾಗಿ ಕಾಣುತ್ತದೆ. ಸುತ್ತಿನಲ್ಲಿ ಹೆಣೆಯಲು ಹೆದರುವವರಿಗೆ ಇದು ದೊಡ್ಡ ವರ: ಒಂದು ಎಸಳಿನಲ್ಲಿ ಹೊಲಿಗೆ ಹೆಚ್ಚು ಕಡಿಮೆಯಾದರೂ ಸುರುಳಿಯಲ್ಲಿ ಮುಚ್ಚಿಹೋಗುತ್ತದೆ. ಆದರೆ ತಪ್ಪು ಮುಚ್ಚಿಹೋಗುವುದರಿಂದಲೇ ಇದರಿಂದ ಕಲಿಯುವುದೂ ಕಡಿಮೆ. ದಾರವೂ ಐದೆಸಳಿನ ಹೂವಿಗಿಂತ ಹಲವು ಪಟ್ಟು ಹಿಡಿಯುತ್ತದೆ, ಹಿಂಬದಿಯ ಹೊಲಿಗೆ ಎಲ್ಲ ಪದರಗಳನ್ನೂ ಹಿಡಿಯದಿದ್ದರೆ ನಡುವಿನ ಮೊಗ್ಗು ಮುಂದಕ್ಕೆ ಜಾರಿ ಬರುತ್ತದೆ, ಒಗೆದರೆ ಒಳಪದರ ಒಣಗಲು ಬಹಳ ಹೊತ್ತು ಬೇಕು. ಕ್ಲಿಪ್ಪು, ಹೇರ್‌ಬ್ಯಾಂಡು, ಉಡುಗೊರೆ ಪೊಟ್ಟಣದ ಅಲಂಕಾರಕ್ಕೆ ಸುರುಳಿ ಗುಲಾಬಿ, ಬಟ್ಟೆಗೆ ಬೇಡ.

ಐರಿಷ್ ಗುಲಾಬಿಯನ್ನು ನೋಡಿದ ಮೇಲೆ ಬೇರೆ ಹೂವು ಕಣ್ಣಿಗೆ ಹಿಡಿಸುವುದು ಕಷ್ಟ. ಆರಾರು ಎಸಳುಗಳ ಮೂರು ಪದರಗಳು ಒಂದರ ಹಿಂದೊಂದು ಅರಳಿ ನಿಲ್ಲುವ ಈ ವಿನ್ಯಾಸ, ಐರ್ಲೆಂಡಿನಲ್ಲಿ 1845ರಿಂದ ಕೆಲವು ವರ್ಷ ಕಾಡಿದ ಮಹಾಕ್ಷಾಮದ ಕಾಲದಲ್ಲಿ ಬಡಕುಟುಂಬಗಳಿಗೆ ಜೀವನೋಪಾಯವಾಗಿ ಬೆಳೆದ ಕ್ರೋಷಾ ಲೇಸಿನ ಪರಂಪರೆಗೆ ಸೇರಿದ್ದು. ಆ ಕ್ಷಾಮಕ್ಕೆ ಕಾರಣವಾದದ್ದು ಆಲೂಗಡ್ಡೆ ಬೆಳೆಗೆ ತಗುಲಿದ ಅಂಗಮಾರಿ ರೋಗ. ಮೋಡ ಮುಸುಕಿದ ತಂಪು ದಿನಗಳಲ್ಲಿ ಆ ರೋಗ ಹೊಲಕ್ಕೆ ಹೊಲವನ್ನೇ ಕರಿದು ಮಾಡುವುದನ್ನು ಆಲೂಗಡ್ಡೆ ಬೆಳೆಯುವ ನಮ್ಮ ಕಡೆಯ ರೈತರಿಗೆ ವಿವರಿಸಬೇಕಾಗಿಲ್ಲ. ಕ್ರೈಸ್ತ ಸನ್ಯಾಸಿನಿಯರ ಮಠಗಳಲ್ಲಿ ಹೆಂಗಸರಿಗೂ ಮಕ್ಕಳಿಗೂ ಈ ಹೆಣಿಗೆಯನ್ನು ಕಲಿಸಲಾಯಿತು. ಹೂವು, ಎಲೆ, ಬಳ್ಳಿಗಳನ್ನು ಬಿಡಿಬಿಡಿಯಾಗಿ ಹೆಣೆದು ಆಮೇಲೆ ಬಲೆಯಂಥ ಹೆಣಿಗೆಯಿಂದ ಕೂಡಿಸುವುದು ಅದರ ಕ್ರಮವಾದ್ದರಿಂದ, ಅದರ ಗುಲಾಬಿಯನ್ನು ಇಂದಿಗೂ ಒಂಟಿಯಾಗಿ ಹೆಣೆದು ಬೇಕಾದ ಕಡೆ ಕೂರಿಸಲು ಬರುತ್ತದೆ.

ಹೆಣೆಯುವ ಕ್ರಮ ಹೀಗಿದೆ. ಉಂಗುರದ ಸುತ್ತ ಡಬಲ್ ಕ್ರೋಷಾಗಳನ್ನು ಮೂರು ಮೂರು ಚೈನ್‌ಗಳ ಅಂತರದಲ್ಲಿ ಹಾಕಿ ಆರು ಕಮಾನು ಮಾಡಿಕೊಳ್ಳಬೇಕು. ಪ್ರತಿ ಕಮಾನಿನೊಳಗೆ ಸಿಂಗಲ್, ಹಾಫ್ ಡಬಲ್, ಮೂರು ಡಬಲ್, ಹಾಫ್ ಡಬಲ್, ಸಿಂಗಲ್ ಎಂದು ಏಳು ಹೊಲಿಗೆಯ ಎಸಳು. ಮುಂದಿನ ಪದರಕ್ಕೆ ಹೂವನ್ನು ಮುಂದಕ್ಕೆ ಬಾಗಿಸಿ, ಮೊದಲ ಸುತ್ತಿನ ಡಬಲ್‌ನ ಕಂಬಕ್ಕೆ, ಅಂದರೆ ಹೊಲಿಗೆಯ ನೆಟ್ಟಗೆ ನಿಂತ ಭಾಗಕ್ಕೆ, ಹಿಂದಿನಿಂದ ಕಡ್ಡಿ ತೂರಿಸಿ ಸಿಂಗಲ್ ಹಾಕುತ್ತಾ, ನಡುವೆ ಐದೈದು ಚೈನ್‌ಗಳ ಹೊಸ ಕಮಾನುಗಳನ್ನು ಎಸಳುಗಳ ಬೆನ್ನಿಗೆ ಕಟ್ಟಬೇಕು. ಅವುಗಳಲ್ಲಿ ಡಬಲ್‌ಗಳ ಸಂಖ್ಯೆ ಐದಾಗುತ್ತದೆ. ಮೂರನೆಯ ಪದರಕ್ಕೆ ಏಳು ಚೈನ್, ಏಳು ಡಬಲ್. ಎಸಳುಗಳ ಹೊಲಿಗೆಗಳೇ ಒಟ್ಟು 162 ಆಗುತ್ತವೆ. ಎಣಿಕೆ ಕಷ್ಟವೇನಲ್ಲ, ಕಷ್ಟವಿರುವುದು ಆ ಹಿಂಬದಿಯ ಕಮಾನಿನಲ್ಲಿ: ಯಾವ ಕಂಬಕ್ಕೆ ಕಡ್ಡಿ ತೂರಬೇಕೆಂದು ಹೊಸಬರ ಕಣ್ಣಿಗೆ ತಿಳಿಯುವುದಿಲ್ಲ, ಎಸಳಿಗೇ ಚುಚ್ಚಿಬಿಡುತ್ತಾರೆ, ಪದರಗಳು ಒಂದಕ್ಕೊಂದು ಅಂಟಿಕೊಂಡು ಹೂವು ಬಟ್ಟಲಿನಂತೆ ಮೇಲೇಳುತ್ತದೆ. ಚಪ್ಪಟೆಯ ಹೂವುಗಳನ್ನು ನೋಡದೆಯೇ ಎಣಿಸಬಲ್ಲಷ್ಟು ಹೆಣೆದ ಮೇಲೆ ಇದನ್ನು ಹಿಡಿದರೆ ಎರಡನೆಯ ಪ್ರಯತ್ನದಲ್ಲಿ ಬರುತ್ತದೆ. ಮೊದಲ ಹೂವಾಗಿ ಹಿಡಿದವರಲ್ಲಿ ಬಹಳ ಮಂದಿ ಕಡ್ಡಿಯನ್ನೇ ಕೆಳಗಿಡುತ್ತಾರೆ. ತೋರಣಕ್ಕೆ, ದೇವರ ಮನೆಯ ಪರದೆಗೆ, ವರಮಹಾಲಕ್ಷ್ಮಿ ಹಬ್ಬದ ಮಂಟಪದ ಅಂಚಿಗೆ ಇದಕ್ಕಿಂತ ಸೊಗಸಾದ ಹೂವು ನನಗೆ ಗೊತ್ತಿಲ್ಲ.

ಚೌಕದ ನಡುವೆ ಹೂವು ಬರುವ ಗ್ರ್ಯಾನಿ ಸ್ಕ್ವೇರ್, ಆರು ಮೂಲೆಯ ಆಫ್ರಿಕನ್ ಫ್ಲವರ್ ಮುಂತಾದವು ಒಂದಕ್ಕೊಂದು ಕೂಡಿಸಿ ಹೊದಿಕೆಯನ್ನೋ ಮೇಜಿನ ಹಾಸನ್ನೋ ಮಾಡುವವರಿಗೆ ಸರಿಯಾದವು. ಒಂದೇ ಹೂವು ಬೇಕಾದವರಿಗೆ ಅವುಗಳಿಂದ ಪ್ರಯೋಜನವಿಲ್ಲ. ಪಫ್ ಸ್ಟಿಚ್‌ನ ಉಬ್ಬಿದ ಎಸಳಿನ ಹೂವು ಚೆಂಡುಹೂವಿನಂತೆ ತುಂಬಿಕೊಂಡು ಕಾಣುತ್ತದೆ, ಆದರೆ ಕಡ್ಡಿಯ ಮೇಲೆ ಏಳರಿಂದ ಒಂಬತ್ತು ಕುಣಿಕೆಗಳನ್ನು ಸಮ ಎತ್ತರದಲ್ಲಿ ಹಿಡಿದು ಒಮ್ಮೆಗೇ ದಾರ ಎಳೆಯಬೇಕಾಗುವುದರಿಂದ ಅದು ಸ್ವಲ್ಪ ಕಾಲ ಕಾಯಲಿ.

ಕುಚ್ಚಿನ ಹೂವಿನಲ್ಲಿ ಎರಡು ವಿಧಾನಗಳಿವೆ, ಮತ್ತು ಇವುಗಳ ನಡುವಿನ ಆಯ್ಕೆ ಹೆಣೆಯುವವರ ಅನುಕೂಲಕ್ಕಿಂತ ಸೀರೆಯ ಕ್ಷೇಮಕ್ಕೆ ಸಂಬಂಧಿಸಿದ್ದು. ಸೆರಗಿನ ಅಂಚಿಗೇ ಸಣ್ಣ ಕಡ್ಡಿ ಚುಚ್ಚಿ ಅಲ್ಲಿಂದಲೇ ಹೂವು ಹೆಣೆಯುತ್ತಾ ಹೋಗುವುದು ಒಂದು. ಹೂವುಗಳನ್ನು ಬೇರೆಯಾಗಿ ಹೆಣೆದಿಟ್ಟುಕೊಂಡು ಅಂಚಿಗೆ ಹೊಲಿಯುವುದು ಇನ್ನೊಂದು. ಮೊದಲನೆಯದು ಗಟ್ಟಿ, ಅಚ್ಚುಕಟ್ಟು, ಆದರೆ ಒಂದು ಹೂವು ಕೆಟ್ಟರೆ ಅಲ್ಲಿಯವರೆಗಿನದನ್ನೆಲ್ಲ ಬಿಚ್ಚಬೇಕು; ಬಿಚ್ಚಿ ಬಿಚ್ಚಿ ಚುಚ್ಚಿದರೆ ರೇಷ್ಮೆಯ ಎಳೆ ಸರಿದು ತೂತು ಉಳಿಯುತ್ತದೆ. ಎರಡನೆಯದರಲ್ಲಿ ಕೆಟ್ಟ ಹೂವನ್ನು ಪಕ್ಕಕ್ಕಿಟ್ಟು ಚೆನ್ನಾಗಿ ಬಂದವನ್ನಷ್ಟೇ ಹಚ್ಚಬಹುದು. ಬೇರೊಬ್ಬರ ಮದುವೆ ಸೀರೆಯನ್ನು ಕೈಗೆತ್ತಿಕೊಳ್ಳುವ ಮೊದಲು ಹಳೆಯ ಕಾಟನ್ ಸೀರೆಯ ತುಂಡಿನ ಮೇಲೆ ಒಂದು ಗೇಣು ಉದ್ದದ ಕುಚ್ಚನ್ನು ಪೂರ್ತಿ ಮಾಡಿ ನೋಡಬೇಕೆಂಬುದು ನನ್ನ ಒತ್ತಾಯದ ಸಲಹೆ. ಕುಚ್ಚಿನ ಮಟ್ಟದ ಸಣ್ಣ ಕೆಲಸದಲ್ಲಿ ಎಷ್ಟು ನಯ ಸಾಧ್ಯವೆಂದು ತಿಳಿಯಬೇಕಾದವರು ನೆರೆಯ ಆಂಧ್ರದ ನರಸಾಪುರದ ಕ್ರೋಷಾ ಲೇಸನ್ನು ನೋಡಬೇಕು. 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಕೆಲಸ ತೆಳುವಾದ ಹತ್ತಿಯ ದಾರದಲ್ಲೇ ನಡೆದುಬಂದಿದೆ, ಹೊಳೆಯುವ ದಾರವಿಲ್ಲದೆಯೂ ಹೂವು ಎಷ್ಟು ಬೆಲೆಬಾಳುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಉಂಗುರ: ಎಳೆದು ಮುಚ್ಚುವುದೋ, ಚೈನ್ ಕೂಡಿಸುವುದೋ

ಹೊಸಬರು ಅನಗತ್ಯವಾಗಿ ಚಿಂತಿಸುವ ವಿಷಯವಿದು. ನಾಲ್ಕು ಅಥವಾ ಐದು ಚೈನ್ ಹಾಕಿ ಸ್ಲಿಪ್ ಸ್ಟಿಚ್‌ನಿಂದ ಕೂಡಿಸಿದರೆ ಉಂಗುರವಾಯಿತು. ನಡುವೆ ಸಣ್ಣ ತೂತು ಉಳಿಯುತ್ತದೆ, ಅಷ್ಟೇ. ಮ್ಯಾಜಿಕ್ ರಿಂಗ್‌ನಲ್ಲಿ ದಾರವನ್ನು ಬೆರಳಿಗೆ ಸುತ್ತಿ ಅದರೊಳಗೇ ಹೊಲಿಗೆ ಹಾಕಿ, ಕೊನೆಗೆ ಬಾಲದ ತುದಿ ಎಳೆದು ತೂತನ್ನು ಪೂರ್ತಿ ಮುಚ್ಚಬಹುದು. ನಡುವೆ ಮಣಿ ಅಥವಾ ಗುಂಡಿ ಹೊಲಿಯುವ ಹೂವಿಗೆ ಚೈನ್ ಉಂಗುರ ಧಾರಾಳವಾಗಿ ಸಾಕು, ಐರಿಷ್ ಗುಲಾಬಿಗೂ ಸಾಕು. ನಡುಭಾಗ ಬರಿದಾಗಿ ಕಾಣುವ ಹೂವಿಗೆ ಮ್ಯಾಜಿಕ್ ರಿಂಗ್ ಚೆಂದ, ಆದರೆ ಅದರ ಬಾಲವನ್ನು ಸರಿಯಾಗಿ ಭದ್ರಪಡಿಸದಿದ್ದರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಉಂಗುರ ಸಡಿಲವಾಗಿ ಹೂವು ನಡುವಿನಿಂದಲೇ ಬಿಚ್ಚಿಕೊಳ್ಳುತ್ತದೆ. ಸಿಲ್ಕ್ ಥ್ರೆಡ್ಡಿನಲ್ಲಂತೂ ಮ್ಯಾಜಿಕ್ ರಿಂಗ್ ಹಾಕಲೇಬಾರದು. ಆ ನುಣುಪಿನಲ್ಲಿ ಗಂಟೇ ನಿಲ್ಲುವುದಿಲ್ಲ, ಇನ್ನು ಎಳೆದು ಮುಚ್ಚಿದ ಉಂಗುರ ನಿಲ್ಲುವ ಮಾತೆಲ್ಲಿ. ಮೊದಲ ಹೂವಿಗೆ ಚೈನ್ ಉಂಗುರವನ್ನೇ ಹಿಡಿಯುವುದು ಒಳ್ಳೆಯದು.

ಕಲಿಯುವ ಮೂಲ

ಕುಚ್ಚು ಹಾಕುವ ಅಕ್ಕಂದಿರು ಪ್ರತಿ ಬೀದಿಯಲ್ಲೂ ಒಬ್ಬಿಬ್ಬರಿರುವ ಊರು ನಮ್ಮದು. ದಾರವನ್ನು ಎಡಗೈ ಬೆರಳುಗಳ ನಡುವೆ ಹೇಗೆ ಹಾಯಿಸಬೇಕು, ಎಷ್ಟು ಬಿಗಿ ಕೊಡಬೇಕು ಎಂಬುದನ್ನು ಅವರ ಪಕ್ಕದಲ್ಲಿ ಕೂತು ನೋಡಿ ಕಲಿಯುವಷ್ಟು ಸುಲಭವಾಗಿ ಬೇರೆ ಯಾವುದರಿಂದಲೂ ಕಲಿಯಲಾಗದು. ಹತ್ತು ವಿಡಿಯೊಗಳಲ್ಲಿ ಹಿಡಿತಕ್ಕೆ ಬಾರದ ಬೆರಳು, ಅವರು ಒಮ್ಮೆ ಕೈ ಹಿಡಿದು ತಿದ್ದಿದರೆ ಬರುತ್ತದೆ. ಆದರೆ ಅವರಲ್ಲಿ ಹೆಚ್ಚಿನವರು ಹೊಲಿಗೆಗಳ ಹೆಸರು ಹೇಳದೆ ‘ಇಲ್ಲೊಂದು ಹಾಕು, ಅಲ್ಲೆರಡು ಹಾಕು’ ಎಂದು ತೋರಿಸುತ್ತಾರಾದ್ದರಿಂದ ಬೇರೆ ವಿನ್ಯಾಸಕ್ಕೆ ಹೋದಾಗ ಕಷ್ಟವಾಗುತ್ತದೆ. ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಬಹುದು, ವೇಗ ಕಡಿಮೆ ಮಾಡಬಹುದು. ಎಡಗೈ ಬಳಸುವವರು ಮಾತ್ರ ತಮಗಾಗಿಯೇ ಮಾಡಿದ ವಿಡಿಯೊ ಹುಡುಕಿಕೊಳ್ಳಬೇಕು. ಚಿಹ್ನೆಗಳ ನಕ್ಷೆಯನ್ನು ಓದಲು ಬಂದರೆ ಭಾಷೆಯ ಹಂಗೇ ಉಳಿಯುವುದಿಲ್ಲ, ಜಪಾನಿನ ಪುಸ್ತಕದಿಂದಲೂ ಹೂವು ಹೆಣೆಯಬಹುದು: ಮೊಟ್ಟೆಯಾಕಾರ ಎಂದರೆ ಚೈನ್, ಕೂಡಿಸುವ ಅಥವಾ ಗುಣಿಸುವ ಗುರುತು ಎಂದರೆ ಸಿಂಗಲ್, ಇಂಗ್ಲಿಷಿನ ‘ಟಿ’ಯಂಥ ಗೆರೆ ಹಾಫ್ ಡಬಲ್, ಆ ಗೆರೆಯ ಮೇಲೆ ಒಂದು ಅಡ್ಡಗೀಟು ಇದ್ದರೆ ಡಬಲ್, ಎರಡಿದ್ದರೆ ಟ್ರೆಬಲ್. ಹಿಡಿತವನ್ನು ಪಕ್ಕದ ಮನೆಯಿಂದ, ವಿನ್ಯಾಸವನ್ನು ನಕ್ಷೆಯಿಂದ ಕಲಿಯುವುದೇ ಉತ್ತಮ ಹೊಂದಾಣಿಕೆ ಎಂದು ನನ್ನ ಅನಿಸಿಕೆ.

ಮುಗಿಸುವಾಗ

ದಾರ ಕತ್ತರಿಸುವಾಗ ಒಂದು ಗೇಣಿನಷ್ಟು ಬಾಲ ಬಿಡಬೇಕು. ಅದನ್ನು ಮೊಂಡು ತುದಿಯ ಸೂಜಿಯಿಂದ ಹೂವಿನ ಹಿಂಬದಿಯ ಹೊಲಿಗೆಗಳಲ್ಲಿ ಒಂದು ದಿಕ್ಕಿಗೆ ತೂರಿಸಿ, ಒಂದು ಎಳೆ ಬಿಟ್ಟು ಮತ್ತೆ ಎದುರು ದಿಕ್ಕಿಗೆ ತೂರಿಸಿದರೆ ಅದು ಹೊರಬರುವುದಿಲ್ಲ. ಬರೀ ಗಂಟು ಹಾಕಿ ಕತ್ತರಿಸುವುದು ಬೇಗನೆ ಮುಗಿಯುವ ಕೆಲಸವಾದರೂ ಗಂಟು ಹಿಂದೆ ಉಬ್ಬಿ ಕಾಣುತ್ತದೆ, ಒಂದಲ್ಲ ಒಂದು ದಿನ ಬಿಚ್ಚುತ್ತದೆ.

ಎಸಳು ನೆಟ್ಟಗೆ ನಿಲ್ಲಲು ಗಂಜಿಯೋ ಅಂಟೋ ಎಂಬುದು ಕೊನೆಯ ಆಯ್ಕೆ. ಕಾಟನ್ ಸೀರೆಗೆ ಹಾಕುವ ಸಬ್ಬಕ್ಕಿ ಗಂಜಿಯೇ ಹತ್ತಿಯ ಹೂವಿಗೂ ಸಾಕು. ತೆಳುವಾಗಿ ಕಾಯಿಸಿ, ಸೋಸಿ, ಹೂವನ್ನು ಅದ್ದಿ ಹಿಂಡಬೇಕು. ಸೋಸದಿದ್ದರೆ ಎಸಳಿನ ಸಂದಿನಲ್ಲಿ ಬಿಳಿಯ ಕಾಳು ನಿಲ್ಲುತ್ತದೆ. ಗಂಜಿ ಒಗೆದರೆ ಹೋಗುತ್ತದೆ, ಪ್ರತಿ ಸಲ ಹೊಸದಾಗಿ ಹಾಕಬೇಕು, ಮತ್ತು ಗಂಜಿ ಹಾಕಿದ್ದನ್ನು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ ಹುಳ ಬೀಳುವ ಸಂಭವವಿದೆ. ಆದ್ದರಿಂದ ಹಬ್ಬದ ತೋರಣವನ್ನು ಒಗೆದು ಗಂಜಿ ತೆಗೆದು ಎತ್ತಿಡಬೇಕು. ಫೆವಿಕಾಲ್‌ನಂಥ ಬಿಳಿ ಅಂಟನ್ನು ನೀರಿನಲ್ಲಿ ಬೆರೆಸಿ ಹಚ್ಚಿದರೆ ಹೂವು ಹೆಚ್ಚು ಗಟ್ಟಿಯಾಗಿ ಬಹುಕಾಲ ನಿಲ್ಲುತ್ತದೆ, ಆದರೆ ಮೃದುತ್ವ ಪೂರ್ತಿ ಹೋಗುತ್ತದೆ, ಮಳೆಯ ನೀರು ಬಿದ್ದರೆ ಮತ್ತೆ ಮೆತ್ತಗಾಗುತ್ತದೆ. ಒಳಾಂಗಣದ ಅಲಂಕಾರಕ್ಕೆ ಅಂಟು, ಒಗೆಯುವ ಬಟ್ಟೆಯ ಹೂವಿಗೆ ಗಂಜಿ, ಸೀರೆ ಕುಚ್ಚಿಗೆ ಎರಡೂ ಬೇಡ. ಅದ್ದಿದ ಹೂವನ್ನು ಥರ್ಮೋಕೋಲ್ ಹಲಗೆಯ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ ಮಲಗಿಸಿ, ಪ್ರತಿ ಎಸಳಿನ ತುದಿಯನ್ನೂ ತುಕ್ಕು ಹಿಡಿಯದ ಪಿನ್ನಿನಿಂದ ಎಳೆದು ಚುಚ್ಚಿ, ನೆರಳಿನಲ್ಲಿ ಒಣಗಿಸಬೇಕು. ಹಸಿ ಇರುವಾಗಲೇ ಪಿನ್ನು ತೆಗೆದರೆ ತುದಿಗಳು ಒಳಕ್ಕೆ ಸುರುಳಿಕೊಳ್ಳುತ್ತವೆ. ರಾತ್ರಿ ಚುಚ್ಚಿಟ್ಟು ಮರುದಿನ ಬೆಳಿಗ್ಗೆ ಹಿಂಬದಿಯನ್ನು ಮುಟ್ಟಿ ನೋಡಿ, ತಣ್ಣಗೆ ಅನಿಸದಿದ್ದರೆ ಮಾತ್ರ ಪಿನ್ನು ಬಿಡಿಸಬಹುದು.